ಸಂಘಕ್ಕೆ ದಿನವೂ ಮೂವತ್ತು ಮಕ್ಕಳು ಬರುತ್ತಾರೆ, ಆದರೆ ಅದೇ ಮೂವತ್ತು ಮಕ್ಕಳೇ? ಹಾಜರಿ ಮತ್ತು ಪ್ರಯೋಜನದ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ
ಯುವಕ ಸಂಘದ ಕಾರ್ಯದರ್ಶಿ, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಹಳ್ಳಿಯ ಯುವಕ ಸಂಘಕ್ಕೆ ನಾನು ಮೂರು ವರ್ಷದಿಂದ ಕಾರ್ಯದರ್ಶಿ. ಸಂಘ ಹಳೆಯದು. ನಮ್ಮ ಚಿಕ್ಕಪ್ಪನವರ ಕಾಲದಲ್ಲಿ ಗಣೇಶನನ್ನು ಕೂರಿಸುವುದು, ರಾಜ್ಯೋತ್ಸವಕ್ಕೆ ಕಬಡ್ಡಿ ಪಂದ್ಯ ಏರ್ಪಡಿಸುವುದು, ಇಷ್ಟೇ ಅದರ ಕೆಲಸವಾಗಿತ್ತು. ಎರಡು ವರ್ಷದ ಹಿಂದೆ ನಾವು ನಾಲ್ಕು ಮಂದಿ ಗೆಳೆಯರು ಸೇರಿ ಸಂಜೆ ಐದೂವರೆಯಿಂದ ಏಳರವರೆಗೆ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿದೆವು. ಮೊದಲ ಮುಕ್ಕಾಲು ಗಂಟೆ ಕಬಡ್ಡಿ, ಕೊಕ್ಕೊ. ಆಮೇಲೆ ಸಮುದಾಯ ಭವನದ ಜಗಲಿಯಲ್ಲಿ ಓದು ಮತ್ತು ಲೆಕ್ಕ. ಐದನೆಯ ತರಗತಿಯಿಂದ ಪಿಯುಸಿವರೆಗಿನವರು ಬರುತ್ತಾರೆ. ಪಕ್ಕದ ಎರಡು ಹಟ್ಟಿಗಳವರೂ ನಮ್ಮಲ್ಲಿಗೂ ಬನ್ನಿ ಎಂದು ಕರೆಯುತ್ತಿದ್ದಾರೆ. ಎರಡಕ್ಕೂ ಒಟ್ಟಿಗೆ ಹೋಗಲು ನಮ್ಮಲ್ಲಿ ಜನ ಸಾಲದು.

ಊರಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿರುವ ಹಿರಿಯರೊಬ್ಬರು ಕಳೆದ ವರ್ಷ 40,000 ರೂಪಾಯಿ ಕೊಟ್ಟರು. ಅದರಲ್ಲಿ ಮೈದಾನಕ್ಕೆ ಎರಡು ಎಲ್‌ಇಡಿ ದೀಪ, ಕೊಕ್ಕೊ ಕಂಬ, ಒಂದು ಕಪಾಟು, ಪುಸ್ತಕಗಳು ಬಂದವು. ಈ ವರ್ಷವೂ ಕೊಡುತ್ತೇನೆ ಎಂದಿದ್ದಾರೆ. ಆದರೆ ಈ ಸಲ ಒಂದು ಮಾತು ಕೇಳಿದರು: "ಎಷ್ಟು ಮಕ್ಕಳು ಬರುತ್ತಾರೆ, ಅವರಿಗೆ ಏನು ಪ್ರಯೋಜನವಾಯಿತು, ಬರೆದು ಕಳಿಸಪ್ಪ." ಅನುಮಾನದಿಂದ ಕೇಳಿದ್ದಲ್ಲ, ಅಕ್ಕರೆಯಿಂದಲೇ ಕೇಳಿದ್ದು.

ನಮ್ಮ ಬಳಿ ಒಂದು ನೋಟ್‌ಬುಕ್ ಇದೆ. ಅದರಲ್ಲಿ ತಾರೀಖು ಮತ್ತು ಒಟ್ಟು ಸಂಖ್ಯೆ ಬರೆದಿದ್ದೇವೆ. 28, 31, 30, 27, 32. ಎರಡು ವರ್ಷ ಹೀಗೆಯೇ. ನೋಡಿದರೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ.

ಈ ಪ್ರಶ್ನೆ ಕೇಳಲು ನಿಜವಾದ ಕಾರಣ ಬೇರೆ ಇದೆ. ನಮ್ಮಲ್ಲಿ ಎಂಟನೆಯ ತರಗತಿಯ ಒಬ್ಬಳು ಹುಡುಗಿ ಇದ್ದಳು. ಕೊಕ್ಕೊದಲ್ಲಿ ಕಂಬದ ಬಳಿ ಹಾರಿ ಹಿಡಿಯುವುದರಲ್ಲಿ ಅವಳಿಗೆ ಸಾಟಿಯೇ ಇರಲಿಲ್ಲ. ಮಾರ್ಚ್‌ನಲ್ಲಿ ತಂಡ ಆರಿಸುವಾಗ ಅವಳು ಎಲ್ಲಿ ಎಂದು ಕೇಳಿದೆ. "ದೀಪಾವಳಿಯಿಂದಲೇ ಬರುತ್ತಿಲ್ಲ ಅಣ್ಣಾ" ಎಂದಳು ಅವಳ ಗೆಳತಿ. ನಾಲ್ಕು ತಿಂಗಳು! ನಾನು ದಿನವೂ ಅಲ್ಲಿಯೇ ನಿಂತಿದ್ದೆ. ಮನೆಗೆ ಬಂದು ನೋಟ್‌ಬುಕ್ ತೆಗೆದು ನೋಡಿದರೆ ಆ ನಾಲ್ಕು ತಿಂಗಳೂ ಸುಮಾರು ಮೂವತ್ತರ ಲೆಕ್ಕವೇ ಇತ್ತು. ಒಬ್ಬಳು ಹೋದ ಜಾಗಕ್ಕೆ ಇನ್ನೊಬ್ಬರು ಬಂದಿದ್ದರು, ಸಂಖ್ಯೆ ಕದಲಲಿಲ್ಲ. ಅಂದಿನಿಂದ ಆ ನೋಟ್‌ಬುಕ್ ನೋಡಿದರೆ ನನಗೆ ಸಂಕಟವಾಗುತ್ತದೆ.

ಹಾಗಾಗಿ ಎರಡು ವಿಷಯ ಕೇಳುತ್ತೇನೆ. ಹಾಜರಿಯನ್ನು ಹೇಗೆ ಇಡಬೇಕು? ಹೆಸರು ಕೂಗಲು ಹೋದರೆ "ಇಲ್ಲಿಯೂ ಹಾಜರಿಯೇ ಅಣ್ಣಾ?" ಎಂದು ದೊಡ್ಡ ಹುಡುಗರು ಮುಖ ಸಿಂಡರಿಸುತ್ತಾರೆ. ಒಬ್ಬ ಗೆಳೆಯ ಬೆರಳಚ್ಚಿನ ಯಂತ್ರ ತರೋಣ ಎನ್ನುತ್ತಾನೆ, ಇನ್ನೊಬ್ಬ ಮೊಬೈಲ್ ಆಪ್ ಎನ್ನುತ್ತಾನೆ. ನಮ್ಮಲ್ಲಿರುವುದು ಒಂದು ಹಳೆಯ ಲ್ಯಾಪ್‌ಟಾಪ್. ಸಿಗ್ನಲ್ ಸಮುದಾಯ ಭವನದ ಮೆಟ್ಟಿಲ ಮೇಲೆ ಮಾತ್ರ ಸಿಗುತ್ತದೆ. ಎರಡನೆಯದು, "ಪ್ರಯೋಜನ" ಎಂಬುದನ್ನು ಯಾವುದರಿಂದ ಅಳೆಯಬೇಕು? ಶಾಲೆಯ ಅಂಕಗಳೇ? ಮಕ್ಕಳಲ್ಲಿ ಧೈರ್ಯ ಬಂದಿದೆ ಎಂದು ನನಗೆ ಗೊತ್ತು, ಆದರೆ ಗೊತ್ತು ಎನ್ನುವುದು ವರದಿಯಾಗುವುದಿಲ್ಲವಲ್ಲ.


ಉತ್ತರ 1
ನಿವೃತ್ತ ದೈಹಿಕ ಶಿಕ್ಷಕ, ಹೊಸದುರ್ಗ

ತಮ್ಮಾ, ನಿನ್ನ ಪ್ರಶ್ನೆ ಓದಿದ ಮೇಲೆ ರಾತ್ರಿ ಅಟ್ಟದಿಂದ ನನ್ನ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿಕೊಂಡು ಬಹಳ ಹೊತ್ತು ನೋಡುತ್ತ ಕುಳಿತೆ. ಪ್ರೌಢಶಾಲೆಯಲ್ಲಿ 31 ವರ್ಷ ಕೆಲಸ ಮಾಡಿದೆ. ಅದರಲ್ಲಿ 12 ವರ್ಷ ಶಾಲೆ ಬಿಟ್ಟ ಮೇಲೆ ಅದೇ ಮೈದಾನದಲ್ಲಿ ಊರಿನ ಮಕ್ಕಳಿಗೆಲ್ಲ ಸಂಜೆ ಆಟ ಆಡಿಸುತ್ತಿದ್ದೆ. ಮೊದಲ ಕೆಲವು ವರ್ಷ ನಾನೂ ತಲೆಗಳನ್ನೇ ಎಣಿಸಿದವನು. ನಿನ್ನ ಆ ಹುಡುಗಿಯಂತಹ ಮಕ್ಕಳು ನನ್ನ ಕೈಯಿಂದಲೂ ಜಾರಿ ಹೋಗಿದ್ದಾರೆ.

ಯಂತ್ರ ಬೇಡ, ಆಪ್ ಬೇಡ. ಚಳ್ಳಕೆರೆಯ ಯಾವುದಾದರೂ ಪುಸ್ತಕದ ಅಂಗಡಿಗೆ ಹೋಗಿ ಶಾಲೆಯ ಹಾಜರಿ ಪುಸ್ತಕ ಕೇಳು. ತಿಂಗಳಿಗೆ, ದಿನಕ್ಕೊಂದರಂತೆ, 31 ಚೌಕಗಳಿರುತ್ತವೆ. ಒಂದು ಮಗುವಿಗೆ ಒಂದು ಸಾಲು. ಸೇರಿದ ದಿನವೇ ಮಗುವಿಗೆ ಒಂದು ಸಂಖ್ಯೆ ಕೊಡು. ಆ ಮಗು ಊರು ಬಿಟ್ಟು ಹೋದರೂ ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬೇಡ. ನಮ್ಮ ಜಿಲ್ಲೆಯಲ್ಲಿ ಬರಿಯ ಹೆಸರನ್ನು ನಂಬಿ ಲೆಕ್ಕ ಇಡಲಾಗದು. ನನ್ನ ಪುಸ್ತಕದಲ್ಲಿ ಒಂದೇ ವರ್ಷ ಐವರು ತಿಪ್ಪೇಸ್ವಾಮಿಗಳಿದ್ದರು, ಅವರಲ್ಲಿ ಇಬ್ಬರ ಇನಿಶಿಯಲ್ ಕೂಡ ಒಂದೇ. ಒಬ್ಬ ಎರಡು ವಾರ ಬಾರದಿದ್ದಾಗ ಇನ್ನೊಬ್ಬನ ಹಾಜರಿ ಅವನ ಸಾಲಿನಲ್ಲಿ ಬಿದ್ದಿತ್ತು. ಮುಂದೆ ಎಕ್ಸೆಲ್‌ಗೆ ಹಾಕಿದಾಗಲೂ ಸಂಖ್ಯೆಯೇ ನಿನ್ನನ್ನು ಕಾಪಾಡುತ್ತದೆ. ಒಬ್ಬ ಸ್ವಯಂಸೇವಕ "ಮಂಜು" ಎಂದು ಬರೆಯುತ್ತಾನೆ, ಇನ್ನೊಬ್ಬ "ಮಂಜುನಾಥ" ಎಂದು ಬರೆಯುತ್ತಾನೆ, ಗಣಕಯಂತ್ರಕ್ಕೆ ಅವರು ಇಬ್ಬರು ಮಕ್ಕಳಾಗಿಬಿಡುತ್ತಾರೆ.

ಹೆಸರು ಕೂಗಬೇಡ. ಮಕ್ಕಳು ಮೈ ಕಾಯಿಸಿಕೊಳ್ಳಲು ಮೈದಾನ ಸುತ್ತುವಾಗ ನೀನು ಒಂದು ಕಡೆ ನಿಂತು ಗೆರೆ ಹಾಕಿಕೊಂಡು ಹೋಗು. ಎಲ್ಲರನ್ನೂ ಗುರುತಿಸಲು ಎರಡು ವಾರ ಕಷ್ಟವಾಗುತ್ತದೆ, ಆಮೇಲೆ ಐದು ನಿಮಿಷದ ಕೆಲಸ. ಆರಂಭದಲ್ಲೇ ಹಾಕು. ಕೊನೆಗೆ ಹಾಕುತ್ತೇನೆ ಎಂದರೆ ಕತ್ತಲಾಗುವ ಮುಂಚೆ ಮನೆಗೆ ಹೊರಟ ಹೆಣ್ಣುಮಕ್ಕಳು ಬಂದೇ ಇಲ್ಲ ಎಂದಾಗುತ್ತದೆ. ಹೊರಟ ಹೊತ್ತು ಬೇಕಾದರೆ ಗೆರೆಯ ಮೇಲೆ ಅಡ್ಡಗೆರೆ ಎಳೆ. ಬೇಗ ಹೋದವರು ಯಾರು ಎಂದು ಅದರಿಂದ ತಿಳಿಯುತ್ತದೆ.

ಬಾರದವರ ಸಾಲಿನಲ್ಲಿ ಆ ದಿನದ ಚೌಕದೊಳಗೆ ಒಂದು ಚುಕ್ಕಿ. ಮರುದಿನ ಗೆಳೆಯರನ್ನು ಕೇಳಿ ಚುಕ್ಕಿಯ ಪಕ್ಕ ಕಾರಣದ ಅಕ್ಷರ ಬರೆ. ಹೊಲಕ್ಕೆ ಹೋಗಿದ್ದರೆ "ಹೊ", ನೆಂಟರ ಊರಿಗಾದರೆ "ಊ", ಜ್ವರ ನೆಗಡಿಗೆ "ಜ್ವ", ಮನೆಯಲ್ಲಿ ಬಿಡಲಿಲ್ಲವಾದರೆ "ಮ". ಯಾರಿಗೂ ಗೊತ್ತಿಲ್ಲದಿದ್ದರೆ ಪ್ರಶ್ನೆಯ ಚಿಹ್ನೆ. ಈ ಅಕ್ಷರಗಳೇ ಪುಸ್ತಕದ ಜೀವ. ಮಳೆಯಿಂದಲೋ, ಊರಿನಲ್ಲಿ ಸಾವಾದದ್ದರಿಂದಲೋ, ನಾಯಕನಹಟ್ಟಿ ಜಾತ್ರೆಯಿಂದಲೋ ಕಾರ್ಯಕ್ರಮವೇ ನಡೆಯದಿದ್ದರೆ ಆ ದಿನದ ಇಡೀ ಕಂಬಕ್ಕೆ "ರಜೆ" ಎಂದು ಬರೆ. ಇಲ್ಲವಾದರೆ ನಡೆಯದ ದಿನವೂ ಮಕ್ಕಳ ಗೈರುಹಾಜರಿಗೆ ಸೇರಿಕೊಂಡು ಲೆಕ್ಕ ಕೆಡುತ್ತದೆ.

ತಿಂಗಳ ಕೊನೆಗೆ ಈ ಪುಸ್ತಕವನ್ನು ಎರಡು ಸಲ ಓದಬೇಕು. ಮೇಲಿನಿಂದ ಕೆಳಗೆ ಕೂಡಿದರೆ ದಿನದ ಲೆಕ್ಕ. ಎಡದಿಂದ ಬಲಕ್ಕೆ ಓದಿದರೆ ಮಗುವಿನ ಲೆಕ್ಕ. ನೀನು ಎರಡು ವರ್ಷ ಮೊದಲನೆಯದನ್ನು ಮಾತ್ರ ಮಾಡಿದ್ದೀಯ. ಅಡ್ಡಲಾಗಿ ಓದುವಾಗ ಸತತವಾಗಿ ಮೂರು ಚುಕ್ಕಿ ಕಂಡರೆ ಅದೇ ಸಂಜೆ ಯಾರಾದರೂ ಆ ಮನೆಯ ಕಡೆ ಹೋಗಿ ಬರಲಿ. ಏಕೆ ಬರಲಿಲ್ಲ ಎಂದು ಗದರಲು ಹೋಗುವುದಲ್ಲ, ಚೆನ್ನಾಗಿದ್ದೀಯಾ ಎಂದು ಕೇಳಲು.

ಇನ್ನೊಂದು ಎಚ್ಚರಿಕೆ. ಹೆಚ್ಚು ಹಾಜರಿಗೆ ಬಹುಮಾನ ಇಡಬೇಡ. ನಾನು ಒಂದು ವರ್ಷ ಇಟ್ಟೆ, ಒಂದು ಜೊತೆ ಕ್ಯಾನ್‌ವಾಸ್ ಬೂಟು. ಪುಸ್ತಕ ಹಿಡಿದಿದ್ದ ಒಂಬತ್ತನೆಯ ತರಗತಿಯ ಹುಡುಗ ತನ್ನ ಇಬ್ಬರು ಗೆಳೆಯರಿಗೆ ತಿಂಗಳುಗಟ್ಟಲೆ ಗೆರೆ ಹಾಕಿಕೊಟ್ಟ. ಒಳ್ಳೆಯ ಹುಡುಗನೇ. ಆ ಗೆಳೆಯರಲ್ಲಿ ಒಬ್ಬನಿಗೆ ಬೂಟು ಇರಲಿಲ್ಲ, ಅದಕ್ಕೆ ಹಾಗೆ ಮಾಡಿದ. ತಪ್ಪು ನನ್ನದು, ಬೂಟು ಇಲ್ಲದವನಿಗೆ ಬೂಟು ಕೊಡಿಸಬೇಕಿತ್ತು.

ಆಟದ ಪ್ರಯೋಜನ ಅಳೆಯುವುದು ಸುಲಭ. ಖೇಲೋ ಇಂಡಿಯಾದ ಶಾಲಾ ದೈಹಿಕ ಪರೀಕ್ಷೆಯಲ್ಲಿ 50 ಮೀಟರ್ ಓಟ, 600 ಮೀಟರ್ ಓಟ, ಕುಳಿತು ಬೆರಳು ಮುಂದಕ್ಕೆ ಚಾಚುವುದು, ದಂಡ (ಪುಷ್‌ಅಪ್) ಇಂಥವೆಲ್ಲ ಇವೆ. ನೀನು 600 ಮೀಟರ್ ಒಂದನ್ನೇ ತೆಗೆದುಕೊಂಡರೂ ಸಾಕು. ಪೊಲೀಸ್ ನೇಮಕಾತಿಯ ಕನಸು ಕಾಣುವ ದೊಡ್ಡ ಹುಡುಗರಿಗೆ 1600 ಮೀಟರ್. 200 ಮೀಟರ್ ಸುತ್ತು ಅಳೆದು ಸುಣ್ಣ ಹಾಕಿದರೆ ಎಂಟು ಸುತ್ತು. ಸೇರಿದ ವಾರ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಅದೇ ಮೈದಾನ, ಅದೇ ಹೊತ್ತು ಇರಬೇಕು. ನಿಮ್ಮ ಕಡೆಯ ಮಾರ್ಚ್ ಬಿಸಿಲಿನ ನಾಲ್ಕು ಗಂಟೆಗೂ ಡಿಸೆಂಬರ್‌ನ ಬೆಳಗಿಗೂ ಹೋಲಿಕೆ ಇಲ್ಲ. ಹದಿಮೂರರ ಹುಡುಗ ಒಂದು ವರ್ಷದಲ್ಲಿ ಕಾಲು ಉದ್ದವಾದದ್ದರಿಂದಲೇ ಎಷ್ಟೋ ಬೇಗ ಓಡುತ್ತಾನೆ ಎಂಬುದನ್ನೂ ಮರೆಯಬೇಡ. ಅದೆಲ್ಲ ನಮ್ಮ ತರಬೇತಿಯ ಪುಣ್ಯ ಎಂದು ಬರೆದುಕೊಳ್ಳುವುದು ಸರಿಯಲ್ಲ.


ಉತ್ತರ 2
ಸಂಜೆ ಕಲಿಕಾ ಕೇಂದ್ರ ನಡೆಸುವವಳು, ದಾವಣಗೆರೆ

ಮೇಷ್ಟ್ರು ಹೇಳಿದ ಅಕ್ಷರಗಳ ಪದ್ಧತಿಯನ್ನು ನಾಳೆಯಿಂದಲೇ ನಮ್ಮಲ್ಲಿಯೂ ಆರಂಭಿಸುತ್ತೇನೆ. ನಾನು ಕೆಲಸ ಮಾಡುವುದು ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿಯೊಂದರಲ್ಲಿ. ಕೆಲವು ಮನೆಗಳಲ್ಲಿ ಬೆಳಗಿನ ಜಾವಕ್ಕೇ ಭಟ್ಟಿಯ ಕೆಲಸ ಆರಂಭವಾಗುತ್ತದೆ. ಮಕ್ಕಳೂ ಏಳುತ್ತಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ, ಸಂಜೆ ನಮ್ಮ ಬಳಿ ಬಂದು ಕುಳಿತಲ್ಲಿಯೇ ತೂಕಡಿಸುತ್ತಾರೆ. ಅಂಥ ಮಗುವಿಗೂ ಹಾಜರಿಯ ಗೆರೆ ಬೀಳುತ್ತದೆ. ಬಂದದ್ದೂ ಕಲಿತದ್ದೂ ಒಂದೇ ಅಲ್ಲ ಎಂದು ನನಗೆ ಅರ್ಥವಾದದ್ದು ಅಲ್ಲಿ.

ತಮ್ಮಾ, ಓದನ್ನು ಅಳೆಯಲು ಶಾಲೆಯ ಅಂಕಪಟ್ಟಿಯನ್ನು ಹಿಡಿಯಬೇಡ. ಪ್ರಥಮ್ ಸಂಸ್ಥೆ 2005ರಿಂದ ಗ್ರಾಮೀಣ ಮಕ್ಕಳ ಕಲಿಕೆಯ ಸಮೀಕ್ಷೆ ನಡೆಸುತ್ತಿದೆ, ಅಸರ್ ಎನ್ನುತ್ತಾರೆ. ಅದರ ಓದಿನ ಹಾಳೆ ಕನ್ನಡದಲ್ಲಿಯೂ ಇದೆ, ಒಂದೇ ಪುಟ. ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಪುಟ್ಟ ಪ್ಯಾರಾ, ಎರಡನೆಯ ತರಗತಿಯ ಮಟ್ಟದ ಕಥೆ. ಮಗುವನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ಕೂರಿಸಿಕೊಂಡು ಮೊದಲು ಪ್ಯಾರಾ ಕೊಡಬೇಕು. ಸರಾಗವಾಗಿ ಓದಿದರೆ ಕಥೆ. ತಡವರಿಸಿದರೆ ಪದಗಳು, ಯಾವುದಾದರೂ ಐದರಲ್ಲಿ ನಾಲ್ಕು ಸರಿಯಾದರೆ ಪದದ ಮಟ್ಟ. ಅದೂ ಆಗದಿದ್ದರೆ ಅಕ್ಷರ. ಲೆಕ್ಕಕ್ಕೂ ಹೀಗೆಯೇ ಇದೆ: ಅಂಕಿ ಗುರುತಿಸುವುದು, ದಶಕ ಸಾಲ ಪಡೆದು ಕಳೆಯುವುದು, ಭಾಗಾಕಾರ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಏಳನೆಯ ತರಗತಿಯ ಮಗು ಎರಡನೆಯ ತರಗತಿಯ ಕಥೆಯಲ್ಲಿ ಎಡವಿದಾಗ ನಮಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಎಲ್ಲಿಂದ ಕಲಿಸಬೇಕು ಎಂಬುದು ಆ ಕ್ಷಣವೇ ತಿಳಿಯುತ್ತದೆ. ಅಂಕಪಟ್ಟಿ ಅದನ್ನು ಹೇಳುವುದಿಲ್ಲ.

ನಾನು ಮಾಡಿದ ಎರಡು ತಪ್ಪುಗಳನ್ನು ನೀನು ಮಾಡಬೇಡ. ಮೂರು ತಿಂಗಳ ಮೇಲೆ ಅದೇ ಹಾಳೆಯನ್ನೇ ಕೊಟ್ಟೆ. ಒಬ್ಬ ಹುಡುಗ ಗಡಗಡನೆ ಓದಿದ. ಸಂತೋಷದಿಂದ ಬೇರೊಂದು ಪುಸ್ತಕ ಕೊಟ್ಟರೆ ಮೊದಲ ಸಾಲಿನಲ್ಲಿಯೇ ನಿಂತ. ಇತರರು ಓದುವಾಗ ಕೇಳಿಸಿಕೊಂಡು ಬಾಯಿಪಾಠ ಮಾಡಿದ್ದ. ಹಾಗಾಗಿ ಪ್ರತಿ ಸಲ ಬೇರೆ ಮಾದರಿಯ ಹಾಳೆ ಇರಲಿ. ಎರಡನೆಯ ತಪ್ಪು, ಕಲಿಸಿದವಳೇ ಪರೀಕ್ಷಿಸಿದ್ದು. ನನ್ನ ಮಕ್ಕಳು ತಡವರಿಸಿದಾಗ ನನಗೆ ಗೊತ್ತಿಲ್ಲದೆಯೇ ತುಟಿ ಅಲ್ಲಾಡಿಸಿ ಸುಳಿವು ಕೊಡುತ್ತಿದ್ದೆ. ಈಗ ಬೇರೆ ಕೇಂದ್ರದವರು ಬಂದು ನಮ್ಮ ಮಕ್ಕಳನ್ನು ಓದಿಸುತ್ತಾರೆ, ನಾನು ಅವರಲ್ಲಿಗೆ ಹೋಗುತ್ತೇನೆ.

ಬಿಟ್ಟುಹೋದವರ ಬಗ್ಗೆಯೂ ಒಂದು ಮಾತು. ಎಲ್ಲ ಬಿಡುವಿಕೆಯೂ ಸೋಲಲ್ಲ. ಕಳೆದ ವರ್ಷ ಜೂನ್‌ನಲ್ಲಿ ನಮ್ಮಲ್ಲಿ ಒಮ್ಮೆಲೇ ಮೂವರು ಕಡಿಮೆಯಾದರು. ಪಟ್ಟಿಯಲ್ಲಿ ಅದು ನಷ್ಟ. ಆದರೆ ಇಬ್ಬರು ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೆಯ ತರಗತಿಗೆ ಸೇರಿದ್ದರು. ಆ ವರ್ಷ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸವೇ ಅದು! ಮೂರನೆಯವಳನ್ನು ಮಾತ್ರ ಕೂಲಿಗೆ ಕಳಿಸಿದ್ದರು. ಮೂರೂ ಒಂದೇ ರೀತಿಯ ಖಾಲಿ ಸಾಲುಗಳು. ಆದ್ದರಿಂದ ಪುಸ್ತಕದ ಕೊನೆಯಲ್ಲಿ ಒಂದು ಕಂಬ ಇಡು: ಯಾವಾಗ ಬಿಟ್ಟರು, ಎಲ್ಲಿಗೆ ಹೋದರು. ಹಾಸ್ಟೆಲ್, ಐಟಿಐ, ಟ್ಯೂಷನ್, ಕೂಲಿ, ಮದುವೆ, ಬೇರೆ ಊರು. ಕೂಲಿ, ಮದುವೆ ಎಂದು ಬರೆಯುವ ಹೊತ್ತು ಬಂದರೆ ಬರೆದು ಸುಮ್ಮನೆ ಕೂರಬೇಡ. ಮದುವೆಯ ಮಾತು ಹದಿನೆಂಟು ತುಂಬದವಳದ್ದಾದರೆ ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು.


ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಅಕ್ಕಾ, ಇಬ್ಬರಿಗೂ ಕೈ ಮುಗಿಯುತ್ತೇನೆ. ಹಾಜರಿ ಪುಸ್ತಕ ತಂದಿದ್ದೇನೆ. ಒಂದು ಸಂದೇಹ ಉಳಿದಿದೆ. ಮಕ್ಕಳು ಪದದಿಂದ ಕಥೆಗೆ ಏರಿದರು ಎಂದುಕೊಳ್ಳೋಣ. ಅವರು ಹಗಲೆಲ್ಲ ಶಾಲೆಯಲ್ಲಿಯೂ ಓದುತ್ತಾರೆ. ಅಲ್ಲಿನ ಶಿಕ್ಷಕರ ಶ್ರಮವನ್ನು ನಾವು ನಮ್ಮದೆಂದು ಬರೆದುಕೊಂಡರೆ ಅನ್ಯಾಯವಲ್ಲವೇ? ನಮ್ಮಿಂದ ಆದದ್ದು ಎಷ್ಟು ಎಂದು ತಿಳಿಯುವುದು ಹೇಗೆ?


ಉತ್ತರ 3
ಸಂಖ್ಯಾಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಕಾರ್ಯದರ್ಶಿಯವರೇ, ಈ ಸಂದೇಹ ನಿಮಗೆ ಬಂದದ್ದೇ ದೊಡ್ಡದು. ಎಷ್ಟೋ ವರದಿಗಳು ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ಹೆಚ್ಚು ದಿನ ಬಂದವರು ಚೆನ್ನಾಗಿ ಓದಿದರು, ಕಡಿಮೆ ಬಂದವರು ಓದಲಿಲ್ಲ, ಆದ್ದರಿಂದ ಕಾರ್ಯಕ್ರಮ ಫಲ ಕೊಟ್ಟಿತು. ಇದನ್ನು ನಂಬಬೇಡಿ. ದಿನವೂ ಬರುವ ಮಗುವಿನ ಹಿಂದೆ "ಹೋಗು ಕಂದಾ, ಹೊತ್ತಾಯಿತು" ಎಂದು ಕಳಿಸುವ ತಾಯಿ ಇರುತ್ತಾಳೆ. ಆ ಮಗು ನಿಮ್ಮ ಬಳಿ ಬಾರದಿದ್ದರೂ ಸ್ವಲ್ಪ ಮುಂದೆ ಹೋಗುತ್ತಿತ್ತು. ತೀರ ಹಿಂದುಳಿದವರನ್ನು ಮಾತ್ರ ಆರಿಸಿಕೊಂಡು ಎರಡನೆಯ ಸಲ ಅಳೆದರೂ ಇದೇ ತೊಂದರೆ. ಮೊದಲ ದಿನ ಜ್ವರವೋ ಹೆದರಿಕೆಯೋ ಇದ್ದು ಕಡಿಮೆ ಓದಿದವರು ಮುಂದಿನ ಸಲ ತಾವಾಗಿಯೇ ಮೇಲೆ ಬರುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿಯೇ ಒಂದು ದಾರಿ ಇದೆ. ಎರಡು ಹಟ್ಟಿಗಳು ಕರೆಯುತ್ತಿವೆ, ಎರಡಕ್ಕೂ ಒಟ್ಟಿಗೆ ಹೋಗಲು ಜನವಿಲ್ಲ ಎಂದಿರಿ. ಒಂದೇ ವಾರದಲ್ಲಿ ಎರಡೂ ಹಟ್ಟಿಗಳ ಮಕ್ಕಳನ್ನು ಅಸರ್ ಹಾಳೆಯಿಂದ ಓದಿಸಿ ನೋಡಿ. ಆಮೇಲೆ ಹಿರಿಯರ ಎದುರಿಗೆ ಚೀಟಿ ಎತ್ತಿಸಿ. ಚೀಟಿ ಬಂದ ಹಟ್ಟಿಯಲ್ಲಿ ಈಗ ಆರಂಭಿಸಿ, ಇನ್ನೊಂದರಲ್ಲಿ ನಾಲ್ಕು ತಿಂಗಳ ನಂತರ. ಎರಡನೆಯ ಹಟ್ಟಿಗೆ ಹೋಗುವ ಮುಂಚೆ ಮತ್ತೆ ಎರಡೂ ಕಡೆ ಓದಿಸಿ. ಶಾಲೆ ಎರಡೂ ಕಡೆಯ ಮಕ್ಕಳಿಗೆ ಇತ್ತು, ಸುಗ್ಗಿ ಎರಡೂ ಕಡೆ ಬಂತು, ವಯಸ್ಸು ಎರಡೂ ಕಡೆ ನಾಲ್ಕು ತಿಂಗಳು ಏರಿತು. ಉಳಿದ ವ್ಯತ್ಯಾಸವನ್ನು ನೋಡಿ. ಎರಡೇ ಹಟ್ಟಿಗಳಾದ್ದರಿಂದ ಇದು ಪೂರ್ತಿ ಸಾಬೀತಾಗುವುದಿಲ್ಲ, ಆದರೂ ಒಂದೇ ಗುಂಪನ್ನು ಮೊದಲು ಮತ್ತು ಆಮೇಲೆ ಅಳೆಯುವುದಕ್ಕಿಂತ ಎಷ್ಟೋ ಪ್ರಾಮಾಣಿಕ. ಯಾರಿಗೂ ಏನೂ ತಪ್ಪಿಸಿದಂತೆಯೂ ಆಗುವುದಿಲ್ಲ, ಸರದಿ ಮಾತ್ರ ಬೇರೆ.

ವರದಿ ಬರೆಯುವಾಗ ಎರಡು ಸಂಗತಿ ನೆನಪಿಡಿ. ಆರಂಭದಲ್ಲಿ 24 ಮಕ್ಕಳಿದ್ದು ಕೊನೆಗೆ 15 ಮಂದಿ ಉಳಿದರು, ಆ 15ರಲ್ಲಿ 12 ಮಂದಿ ಕಥೆ ಓದಿದರು ಎಂದುಕೊಳ್ಳಿ. ಆಗ "15ರಲ್ಲಿ 12" ಎಂದು ಬರೆಯುವ ಆಸೆಯಾಗುತ್ತದೆ. ಬಿಟ್ಟುಹೋದ ಒಂಬತ್ತು ಮಕ್ಕಳನ್ನೂ ಅವರ ಮನೆಗೆ ಹೋಗಿ ಓದಿಸಿ ಬನ್ನಿ, 24ನ್ನು ಬಿಡಬೇಡಿ. ಇಷ್ಟು ಚಿಕ್ಕ ಗುಂಪಿಗೆ ಶೇಕಡಾವಾರು ಲೆಕ್ಕವೂ ಬೇಡ. ಒಬ್ಬ ಮಗು ಆಚೀಚೆ ಆದರೆ ಶೇ 4ರಷ್ಟು ಏರಿಳಿತ ಕಾಣುತ್ತದೆ. ಸಂಖ್ಯೆಯನ್ನೇ ಬರೆಯಿರಿ.


ಉತ್ತರ 4
ಗ್ರಾಮ ಪಂಚಾಯಿತಿ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕಿ

ಇಷ್ಟೆಲ್ಲ ಬರೆದಿಟ್ಟುಕೊಳ್ಳುವ ಮುಂಚೆ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ "ಮನೆಯಲ್ಲಿ ಬಿಡಲಿಲ್ಲ", "ಕೂಲಿಗೆ ಹೋದಳು", "ಏಳನೆಯ ತರಗತಿ, ಅಕ್ಷರದ ಮಟ್ಟ" ಎಂದೆಲ್ಲ ಇರುತ್ತದೆ. ಅದರ ಫೋಟೊ ತೆಗೆದು ಊರಿನ ವಾಟ್ಸ್‌ಆಪ್ ಗುಂಪಿಗೆ ಹಾಕಿದರೆ ಆ ಮಗು ಮತ್ತೆಂದೂ ನಿಮ್ಮ ಜಗಲಿ ಹತ್ತುವುದಿಲ್ಲ. ಹಾಜರಿಯ ಪುಸ್ತಕ ಒಂದಿರಲಿ, ಕಾರಣ ಮತ್ತು ಓದಿನ ಮಟ್ಟದ ಪುಸ್ತಕ ಬೇರೆ ಇರಲಿ. ಎರಡನೆಯದು ಬೀರುವಿನಲ್ಲಿರಲಿ, ಅದರಲ್ಲಿ ಹೆಸರು ಬೇಡ, ಸಂಖ್ಯೆ ಮಾತ್ರ. ಆಧಾರ್ ಸಂಖ್ಯೆ, ಜಾತಿ ಯಾವುದೂ ಈ ಕೆಲಸಕ್ಕೆ ಬೇಕಿಲ್ಲ, ಕೇಳಬೇಡಿ.

ಲ್ಯಾಪ್‌ಟಾಪ್‌ಗೆ ಹಾಕುವುದಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಗಮನದಲ್ಲಿರಲಿ. ಅದರಂತೆ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ವಿವರ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಒಂದು ಹಾಳೆಯಲ್ಲಿ ಏನು ಬರೆದುಕೊಳ್ಳುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು ಸರಳ ಕನ್ನಡದಲ್ಲಿ ಬರೆದು ಮನೆಗೆ ಹೋಗಿ ಓದಿ ಹೇಳಿ ಸಹಿ ಪಡೆಯಿರಿ. ಆ ನೆಪದಲ್ಲಿ ಎಲ್ಲ ಮನೆಗಳನ್ನೂ ಒಮ್ಮೆ ನೋಡಿದಂತಾಗುತ್ತದೆ.


ಪ್ರಶ್ನೆ ಕೇಳಿದವರು
ಎಂಟು ವಾರಗಳ ನಂತರ

ಜುಲೈ ತಿಂಗಳ ಪುಸ್ತಕ ಪೂರ್ತಿಯಾಯಿತು, ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ. ಕಾರ್ಯಕ್ರಮ ನಡೆದದ್ದು 24 ದಿನ. ಗೆರೆಗಳು ಒಟ್ಟು 648, ಅಂದರೆ ದಿನಕ್ಕೆ 27. ಹಳೆಯ ನೋಟ್‌ಬುಕ್ ಇಲ್ಲಿಗೇ ನಿಲ್ಲುತ್ತಿತ್ತು. ಅಡ್ಡಲಾಗಿ ಓದಿದರೆ ಹೆಸರುಗಳು 61! ಅವರಲ್ಲಿ 18 ದಿನಕ್ಕಿಂತ ಕಡಿಮೆಯಿಲ್ಲದೆ ಬಂದವರು 14 ಮಂದಿ ಮಾತ್ರ. 6ರಿಂದ 17 ದಿನ ಬಂದವರು 23. ಉಳಿದ 24 ಮಕ್ಕಳು ಐದು ದಿನವೋ ಅದಕ್ಕಿಂತ ಕಡಿಮೆಯೋ ಬಂದು ಹೋಗಿದ್ದಾರೆ. ನಾವು ಮೂವತ್ತು ಮಕ್ಕಳಿಗೆ ಕಲಿಸುತ್ತಿದ್ದೇವೆ ಎಂದು ಎರಡು ವರ್ಷ ನಂಬಿದ್ದೆವು.

ಕಾರಣದ ಅಕ್ಷರಗಳು ನನಗೆ ನಿದ್ದೆ ಕೆಡಿಸಿದವು. ದೊಡ್ಡ ಹುಡುಗರ ಸಾಲುಗಳಲ್ಲಿ ಎರಡನೆಯ ಮತ್ತು ನಾಲ್ಕನೆಯ ವಾರ "ಹೊ" "ಹೊ" "ಹೊ" ಎಂದು ಒಂದರ ಕೆಳಗೊಂದು ನಿಂತಿದೆ. ಮೊದಲನೆಯ, ಮೂರನೆಯ ವಾರ ಇಲ್ಲ. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಮ್ಮ ತಂದೆ ಪುಸ್ತಕ ನೋಡಿದ ತಕ್ಷಣ ಹೇಳಿದರು: ಆ ಎರಡು ವಾರ ತ್ರೀ ಫೇಸ್ ಕರೆಂಟ್ ಸಂಜೆಯ ಪಾಳಿಯಲ್ಲಿ ಬಂದಿತ್ತು. ಹುಡುಗರು ಮೋಟಾರ್ ಹಾಕಿ ನೀರು ಕಟ್ಟಲು ಹೋಗಿದ್ದರು. ಅವರಿಗೆ ಆಸಕ್ತಿ ಕಡಿಮೆಯಾಗಿದೆ ಎಂದು ನಾನು ಎರಡು ಸಲ ಸಭೆಯಲ್ಲಿ ಬೇಸರದಿಂದ ಮಾತನಾಡಿದ್ದೆ. ಅವರ ಬಳಿ ಹೋಗಿ ಕ್ಷಮೆ ಕೇಳಿದೆ. ಈಗ ಅಂಥ ವಾರಗಳಲ್ಲಿ ಅವರ ಓಟ ಬೆಳಿಗ್ಗೆ ಐದೂಮುಕ್ಕಾಲಕ್ಕೆ. ಸುಣ್ಣದ ಸುತ್ತು ಹಾಕಿದ್ದೇವೆ. 1600 ಮೀಟರ್‌ನ ಮೊದಲ ಸಮಯವನ್ನು ಏಳು ಮಂದಿಗೆ ಬರೆದುಕೊಂಡಿದ್ದೇವೆ.

ಆ ಹುಡುಗಿಯ ಮನೆಗೂ ಹೋದೆ. ನನ್ನ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವಳ ಅಜ್ಜಿ ಕಾಫಿ ಕೊಟ್ಟು ನೇರವಾಗಿ ಹೇಳಿದರು: "ನೀವು ಬಿಡುವುದು ಏಳಕ್ಕೆ. ದೀಪಾವಳಿ ಕಳೆದ ಮೇಲೆ ಆರಕ್ಕೇ ಕತ್ತಲು. ಕೆರೆ ಏರಿಯ ಪಕ್ಕದ ಓಣಿಯಲ್ಲಿ ದೀಪ ಇಲ್ಲ. ಯಾವ ಧೈರ್ಯದ ಮೇಲೆ ಕಳಿಸಲಿ?" ಮೈದಾನಕ್ಕೆ ಎರಡು ದೀಪ ಹಾಕಿಸಿದ ನಮಗೆ ಆ ಓಣಿ ನೆನಪಿಗೇ ಬಂದಿರಲಿಲ್ಲ. ಈಗ ಐದಕ್ಕೆ ಆರಂಭಿಸಿ ಆರೂಕಾಲಕ್ಕೆ ಮುಗಿಸುತ್ತೇವೆ. ಆ ಓಣಿಯ ಆರು ಮಕ್ಕಳನ್ನು ನನ್ನ ತಂಗಿ ಮನೆಯವರೆಗೂ ಬಿಟ್ಟು ಬರುತ್ತಾಳೆ. ಆಗಸ್ಟ್‌ನಲ್ಲಿ ಇದುವರೆಗೆ ನಡೆದ 11 ದಿನಗಳಲ್ಲಿ ಅವಳ ಸಾಲಿನಲ್ಲಿ ಒಂಬತ್ತು ಗೆರೆಗಳಿವೆ. ಎರಡು ಚುಕ್ಕಿಗಳ ಪಕ್ಕ "ಊ" ಎಂದಿದೆ, ಅತ್ತೆಯ ಮನೆಗೆ ಹೋಗಿದ್ದಳಂತೆ.

ಬೆಂಗಳೂರಿನ ಹಿರಿಯರಿಗೆ ಈ ಅಂಕಿಗಳನ್ನು ಇದ್ದಂತೆಯೇ ಬರೆದು ಕಳಿಸಿದೆ, 14 ಮಂದಿ ಎಂಬುದನ್ನೂ ಮುಚ್ಚಿಡಲಿಲ್ಲ. ಐದರಿಂದ ಎಂಟನೆಯ ತರಗತಿಯ 34 ಮಕ್ಕಳ ಓದಿನ ಮಟ್ಟವನ್ನೂ ಸೇರಿಸಿದೆ: ಅಕ್ಷರ 3, ಪದ 8, ಪ್ಯಾರಾ 10, ಕಥೆ 13. ಪ್ರಯೋಜನ ಏನಾಯಿತು ಎಂದು ಈಗ ಹೇಳಲಾರೆ, ಡಿಸೆಂಬರ್‌ನಲ್ಲಿ ಮತ್ತೆ ಓದಿಸಿ ಹೇಳುತ್ತೇನೆ ಎಂದು ಬರೆದೆ. ಅವರು ಫೋನ್ ಮಾಡಿ ಆ ಓಣಿಗೆ ಎಷ್ಟು ದೀಪ ಬೇಕಾಗುತ್ತದೆ ಎಂದು ಕೇಳಿದರು. ಕಂಬ ಎಣಿಸಿ ಹೇಳುತ್ತೇನೆ ಎಂದಿದ್ದೇನೆ.

ಎರಡೂ ಹಟ್ಟಿಗಳ ಹಿರಿಯರು ಚೀಟಿಗೆ ಒಪ್ಪಿದ್ದಾರೆ. ಮಕ್ಕಳು ಅಕ್ಟೋಬರ್‌ನಲ್ಲಿ ಶೇಂಗಾ ಕೀಳಲು ಹೋಗುವ ಮುಂಚೆ ಮೊದಲ ಓದು ಮುಗಿಯಬೇಕು. ಅಕ್ಕ ಹೇಳಿದಂತೆ ನಾವೇ ಓದಿಸಬಾರದು, ಹೊರಗಿನವರು ಬೇಕು. ಸೆಪ್ಟೆಂಬರ್ ಮೊದಲ ಭಾನುವಾರ ಬೆಳಿಗ್ಗೆ ಚಳ್ಳಕೆರೆ ಬಸ್ ನಿಲ್ದಾಣಕ್ಕೆ ನಾನೇ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಒಟ್ಟು ಸುಮಾರು ಐವತ್ತು ಮಕ್ಕಳು. ಇಬ್ಬರು ಬಂದರೆ ಸಂಜೆಯೊಳಗೆ ಮುಗಿಯುತ್ತದೆ. ಬಿಡುವಿರುವವರು ದಯವಿಟ್ಟು ಇಲ್ಲಿಯೇ ತಿಳಿಸಿ.